ಗುಡ್ಡದ ಮೇಲಿನ ತಯಾರಿಯನ್ನು ಊರೊಳಗೆ ತನ್ನಿ: ಶಿವಮೊಗ್ಗ ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಶಿವಮೊಗ್ಗ.

ಮಾನ್ಯರೇ,

ನಾನು ಸಾಗರ ತಾಲ್ಲೂಕಿನ ಕರೂರು ಹೋಬಳಿಯವಳು. ಶರಾವತಿ ಹಿನ್ನೀರಿನ ಆಚೆ ದಡದ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಇಬ್ಬರು ಮಕ್ಕಳು; ಇಬ್ಬರೂ ಓದುತ್ತಿರುವುದು ಸರ್ಕಾರಿ ಶಾಲೆಯಲ್ಲಿ. ಮಗಳು ಕಳೆದ ಡಿಸೆಂಬರ್ 13ರಂದು ಕೇಂದ್ರ ಸರ್ಕಾರದ ಉಚಿತ ವಸತಿ ಶಾಲೆಯಾದ ನವೋದಯದ ಪ್ರವೇಶ ಪರೀಕ್ಷೆ ಬರೆದಳು. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಆ ಬಗ್ಗೆ ನನ್ನ ತಕರಾರೇನೂ ಇಲ್ಲ. ಗಾಜನೂರಿನ ಜವಾಹರ್ ನವೋದಯ ವಿದ್ಯಾಲಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಅದಕ್ಕೆ ಏಳು ತಾಲ್ಲೂಕುಗಳ ಮಕ್ಕಳು ಬರೆಯುತ್ತಾರೆ; ಸೀಟು ಪಡೆದ ಮಕ್ಕಳು ಕಷ್ಟಪಟ್ಟೇ ಪಡೆದಿದ್ದಾರೆ. ನನ್ನ ಮಗ ಬರುವ ಜೂನ್‌ಗೆ ಐದನೇ ತರಗತಿ. ಅವನ ಜೊತೆಗೆ ಅದೇ ತರಗತಿಯ ಇನ್ನೂ ಆರು ಮಕ್ಕಳಿದ್ದಾರೆ. ಮಗಳು ಪಟ್ಟ ಪಾಡು ಈ ಏಳು ಮಕ್ಕಳಿಗೆ ಬರಬಾರದು ಎಂದು ತಮಗೆ ಬರೆಯುತ್ತಿದ್ದೇನೆ.

ಕಳೆದ ವರ್ಷ ಶಾಲೆ ಶುರುವಾದ ವಾರದಲ್ಲೇ ಪರಿಚಿತರೊಬ್ಬರು ಒಂದು ಆ್ಯಪ್ ತೋರಿಸಿದರು. ಪೇಟೆಯ ಮಕ್ಕಳೆಲ್ಲ ಇದರಲ್ಲೇ ತಯಾರಾಗುತ್ತಾರೆ, ಕೋಚಿಂಗ್‌ಗೆ ಕಳಿಸಲಾಗದವರಿಗೆ ಇದೇ ದಾರಿ ಎಂದರು. ಸಾಗರದ ಕೋಚಿಂಗ್‌ಗೆ ದಿನಾ ಹೋಗಿಬರುವುದು ನಮ್ಮ ಕಡೆಯ ಹತ್ತು ವರ್ಷದ ಮಗುವಿನಿಂದ ಆಗುವ ಮಾತಲ್ಲ. ಹಾಗಾಗಿ ವರ್ಷದ ಚಂದಾ ಕಟ್ಟಿದೆವು. ಅಡಿಕೆ ಹಣ ಕೈಗೆ ಬರಲು ಇನ್ನೂ ಆರು ತಿಂಗಳಿತ್ತು. ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಕಟ್ಟಿದೆ.

ನಮ್ಮ ಮನೆಯಂಗಳದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಿಂದಿನ ಗುಡ್ಡ ಹತ್ತಿ ನೇರಳೆ ಮರದ ಪಕ್ಕದ ಹಾಸುಬಂಡೆಯ ಮೇಲೆ ನಿಂತರೆ ಎರಡು ಕಡ್ಡಿ ಕಾಣಿಸುತ್ತದೆ. ಮನೆಗೆ ಇರುವುದು ಒಂದೇ ಮೊಬೈಲ್, ಅದು ಯಜಮಾನರ ಜೊತೆ ಕೆಲಸಕ್ಕೆ ಹೋಗುತ್ತದೆ. ಸಂಜೆ ಅವರು ಬಂದ ಮೇಲೆ, ಕತ್ತಲಾಗುವುದರೊಳಗೆ ಸಿಗುವ ಮುಕ್ಕಾಲು ಗಂಟೆಯೇ ಮಗಳ ಓದಿನ ಸಮಯ. ಆಷಾಢದ ಮಳೆಯಲ್ಲಿ ನಾನು ಕೊಡೆ ಹಿಡಿದು ನಿಲ್ಲುತ್ತಿದ್ದೆ, ಅವಳು ಬಂಡೆಯ ಮೇಲೆ ಕುಳಿತು ಪರದೆ ಒತ್ತುತ್ತಿದ್ದಳು. ಕಾಲಿಗೆ ಹತ್ತಿದ ಉಂಬಳವನ್ನು ಅವಳಿಗೆ ಗೊತ್ತಾಗದಂತೆ ಕಿತ್ತು ಎಸೆದ ದಿನಗಳು ಎಷ್ಟೋ. ಮಳೆ ಜೋರಾದರೆ ಕರೆಂಟು ಎರಡು ಮೂರು ದಿನ ಇರುವುದಿಲ್ಲ, ಮೊಬೈಲ್ ಸತ್ತು ಮಲಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ನಮ್ಮ ಹಿರಿಯರು ಗದ್ದೆ, ತೋಟ, ದೇವರ ಕಟ್ಟೆ ಎಲ್ಲವನ್ನೂ ನೀರಿಗೆ ಬಿಟ್ಟು ಮೇಲೆ ಬಂದವರು. ಆ ನೀರಿನ ವಿದ್ಯುತ್ತು ನಾಡಿಗೆಲ್ಲ ಹೋಗುತ್ತದೆ. ಅದನ್ನು ಇಲ್ಲಿ ಲಂಬಿಸುವುದಿಲ್ಲ, ತಮಗೆ ತಿಳಿದಿರುವ ಸಂಗತಿಯೇ.

ಹೀಗೆ ಗುಡ್ಡ ಹತ್ತಿ ಪಡೆದದ್ದಾದರೂ ಏನು ಎಂದು ಆಮೇಲೆ ಕುಳಿತು ಲೆಕ್ಕ ಹಾಕಿದ್ದೇನೆ.

ಒಂದು ಸಂಜೆ ಮಗಳು ಮೊಬೈಲ್ ಮುಂದೆ ಹಿಡಿದು, ‘ಅಮ್ಮಾ, ಎರಡು ವರ್ಷದ ಆಸಕ್ತಿ ಅಂದರೆ ಏನು?’ ಎಂದು ಕೇಳಿದಳು. 1000 ರೂಪಾಯಿಗೆ ಶೇಕಡಾ 10ರ ದರದಲ್ಲಿ 2 ವರ್ಷದ ‘ಆಸಕ್ತಿ’ ಎಷ್ಟು ಎಂದು ಅದರಲ್ಲಿ ಬರೆದಿತ್ತು. ಎಲ್ಲಿಯೋ ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಯಂತ್ರದ ಬಾಯಿಗೆ ಕೊಟ್ಟು ಕನ್ನಡ ಮಾಡಿಸಿದ್ದಾರೆ, ‘ಇಂಟರೆಸ್ಟ್’ ಎಂಬುದು ಬಡ್ಡಿಯಾಗುವ ಬದಲು ಆಸಕ್ತಿಯಾಗಿದೆ. ಬಡ್ಡಿ ಎಂದರೆ ನನ್ನ ಮಗಳಿಗೆ ಚೆನ್ನಾಗಿ ಗೊತ್ತು. ಸಂಘದ ಪುಸ್ತಕದಲ್ಲಿ ನಾನು ಪ್ರತಿವಾರ ಬರೆಯುವುದನ್ನು ಪಕ್ಕದಲ್ಲಿ ಕುಳಿತು ನೋಡಿದವಳು ಅವಳು. ಪದ ಸರಿ ಇದ್ದಿದ್ದರೆ 200 ಎಂದು ಬಾಯಲ್ಲೇ ಹೇಳಿಬಿಡುತ್ತಿದ್ದಳು. ನವೋದಯದ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೇ ಬರೆಯಬಹುದು, ನಮ್ಮ ಮಕ್ಕಳಿಗೆ ಅದೊಂದು ದೊಡ್ಡ ಬಲ. ದುಡ್ಡು ಕೊಟ್ಟು ತಂದ ತಯಾರಿ ಆ ಬಲವನ್ನೇ ಕುಂದಿಸುತ್ತಿತ್ತು.

ಇನ್ನೊಂದು ವಿಷಯ ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಪ್ರತಿ ಭಾನುವಾರ ಆ್ಯಪ್ ಅವಳಿಗೆ ಒಂದು ಸ್ಥಾನ ತೋರಿಸುತ್ತಿತ್ತು, ಇಡೀ ದೇಶದ ಮಕ್ಕಳ ನಡುವೆ. ನಲವತ್ತೆಂಟು ಸಾವಿರಕ್ಕೂ ಮೇಲಿನ ಯಾವುದೋ ಅಂಕಿ. ಅದನ್ನು ನೋಡಿದ ದಿನ ಅವಳು ಊಟ ಬಿಡುತ್ತಿದ್ದಳು. ಆದರೆ ನವೋದಯದ ಸ್ಪರ್ಧೆ ಜಿಲ್ಲೆಯೊಳಗಿನದು. ಬಿಹಾರದ ಮಗುವಿಗೂ ರಾಜಸ್ಥಾನದ ಮಗುವಿಗೂ ಗಾಜನೂರಿನ ಸೀಟಿಗೂ ಸಂಬಂಧವಿಲ್ಲ. ಅದರಲ್ಲೂ ಕನಿಷ್ಠ ಶೇಕಡಾ 75ರಷ್ಟು, ಎಂದರೆ 80ರಲ್ಲಿ 60 ಸೀಟು, ಗ್ರಾಮೀಣ ಮಕ್ಕಳಿಗೆ. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಇದನ್ನು ಯಾರಾದರೂ ಜೂನ್‌ನಲ್ಲೇ ಅವಳಿಗೆ ಹೇಳಿದ್ದರೆ ಆ ಭಾನುವಾರಗಳು ನೆಮ್ಮದಿಯಿಂದ ಕಳೆಯುತ್ತಿದ್ದವು. ದಿನ ತಪ್ಪದೆ ಆಡಿದರೆ ನಾಣ್ಯ, ತಪ್ಪಿದರೆ ಸಾಲು ತುಂಡು ಎಂಬ ಲೆಕ್ಕವೂ ಅದರಲ್ಲಿತ್ತು. ಕರೆಂಟು ಹೋಗಿ ಇಪ್ಪತ್ತೊಂದು ದಿನಗಳ ಸಾಲು ತುಂಡಾದಾಗ ಅವಳು ತನ್ನದೇ ತಪ್ಪು ಎಂಬಂತೆ ಅತ್ತಳು. ನನಗೆ ಇಂದಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಪರೀಕ್ಷೆಯಾದರೋ ಕಾಗದದ ಮೇಲೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಉತ್ತರವನ್ನು ಓಎಂಆರ್ ಹಾಳೆಯ ವೃತ್ತದಲ್ಲಿ ಬಾಲ್ ಪೆನ್ನಿನಿಂದ ತುಂಬಬೇಕು, ಒಮ್ಮೆ ತುಂಬಿದರೆ ತಿದ್ದುವಂತಿಲ್ಲ. ಆ್ಯಪ್‌ನಲ್ಲಿ ತಪ್ಪು ಒತ್ತಿದರೆ ಕೆಂಪು ಬರುತ್ತದೆ, ಇನ್ನೊಂದನ್ನು ಒತ್ತಬಹುದು. ನನ್ನ ಮಗಳು ಓಎಂಆರ್ ಹಾಳೆಯನ್ನು ಮೊದಲ ಬಾರಿಗೆ ಕಂಡದ್ದು ಸಾಗರದ ಪರೀಕ್ಷಾ ಕೊಠಡಿಯಲ್ಲಿ. ಮೂವತ್ತೊಂದನೇ ಉತ್ತರವನ್ನು ಮೂವತ್ತೆರಡರ ಸಾಲಿನಲ್ಲಿ ತುಂಬಿ, ಅಲ್ಲಿಂದ ಮುಂದೆ ಎಷ್ಟು ಸಾಲು ಜಾರಿತೋ ಅವಳಿಗೇ ಗೊತ್ತಿಲ್ಲ. ಹೊರಗೆ ಬಂದು ನನ್ನ ಸೆರಗು ಹಿಡಿದುಕೊಂಡು ಇದನ್ನು ಹೇಳಿದಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಎಂದು ಸಮಾಧಾನ ಹೇಳಿದೆ, ಬೇರೇನೂ ತೋಚಲಿಲ್ಲ. ಈ ಪರೀಕ್ಷೆಯನ್ನು ಎರಡನೇ ಸಲ ಬರೆಯಲು ಅವಕಾಶವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಆ ಎಲ್ಲ ತಿಂಗಳುಗಳಲ್ಲಿ ಅವಳು ನಿಜವಾಗಿ ಕಲಿತದ್ದು ಬೇರೆ ಕಡೆ. ತಾವು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು, ನನ್ನ ಕೋರಿಕೆಯೆಲ್ಲ ನಿಂತಿರುವುದು ಇದರ ಮೇಲೆ. ನೂರು ಅಂಕದಲ್ಲಿ ಐವತ್ತು ಅಂಕ ಮಾನಸಿಕ ಸಾಮರ್ಥ್ಯಕ್ಕೆ. 40 ಪ್ರಶ್ನೆ, ಎಲ್ಲವೂ ಚಿತ್ರಗಳೇ. ಗುಂಪಿಗೆ ಸೇರದ ಆಕೃತಿ ಯಾವುದು, ಬಿಟ್ಟ ಮೂಲೆಯನ್ನು ತುಂಬುವ ತುಂಡು ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದವನ್ನು ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ, ದೊಡ್ಡ ಆಕೃತಿಯೊಳಗೆ ಅಡಗಿರುವ ಚಿಕ್ಕ ಆಕೃತಿ ಎಲ್ಲಿದೆ. ಕಾಗದ ಮಡಿಸುವ ಪ್ರಶ್ನೆ ಆ್ಯಪ್‌ನಲ್ಲಿ ಬಂದಾಗಲೆಲ್ಲ ಮಗಳು ತಪ್ಪು ಮಾಡುತ್ತಿದ್ದಳು. ಗಾಜಿನ ಮೇಲೆ ಕಾಗದ ತಾನೇ ಮಡಿಸಿಕೊಂಡು ತಾನೇ ಬಿಡಿಸಿಕೊಳ್ಳುತ್ತಿತ್ತು, ಕೈಗೆ ಏನೂ ಸಿಗುತ್ತಿರಲಿಲ್ಲ. ಕರೆಂಟಿಲ್ಲದ ಒಂದು ದಿನ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ಎರಡು ಮಡಿಕೆ ಮಾಡಿ, ಗೋಣಿಸೂಜಿಯಿಂದ ಒಂದು ತೂತು ಹಾಕಿ ಅವಳ ಕೈಗೆ ಕೊಟ್ಟೆ. ಬಿಡಿಸಿದಳು, ನಾಲ್ಕು ತೂತು. ಮತ್ತೊಂದು ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿದೆವು. ಅವತ್ತು ಇಪ್ಪತ್ತು ಹಾಳೆ ಹಾಳಾದವು, ಆಮೇಲೆ ಆ ಬಗೆಯ ಪ್ರಶ್ನೆಯಲ್ಲಿ ಅವಳು ತಪ್ಪಿದ್ದೇ ಇಲ್ಲ.

ನಮ್ಮ ಅತ್ತೆಯವರು ಹಸೆ ಚಿತ್ತಾರ ಬರೆಯುವವರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಳತೆಗೋಲಿಲ್ಲದೆ ಎಳೆಯುವ ಗೆರೆಗಳು ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ ಕೂಡುತ್ತವೆ. ಮೊಮ್ಮಗಳು ಮೊಬೈಲ್‌ನಲ್ಲಿ ‘ಕನ್ನಡಿ ಬಿಂಬ’ ಎಂದು ಒದ್ದಾಡುವುದನ್ನು ನೋಡಿ ಅವರು ಚಿತ್ತಾರದ ಅರ್ಧ ಬರೆದು, ‘ಉಳಿದದ್ದು ನೀನು ತುಂಬು’ ಎಂದರು. ಅಜ್ಜಿ ಅರ್ಧ, ಮೊಮ್ಮಗಳು ಅರ್ಧ. ತಪ್ಪಿದ ಕಡೆ ಅಜ್ಜಿ ಬೆರಳಿಟ್ಟು, ಯಾಕೆ ತಪ್ಪಿತು ಎಂದು ಕೇಳುತ್ತಿದ್ದರು. ನಾವು ಚಂದಾ ಕಟ್ಟಿದ ಆ್ಯಪ್ ಈ ‘ಯಾಕೆ’ಯನ್ನು ಒಂದು ದಿನವೂ ಕೇಳಲಿಲ್ಲ. ಶಾಲೆಗೇ ಹೋಗದ ನಮ್ಮ ಅತ್ತೆಯವರು ಐವತ್ತು ಅಂಕದ ಒಂದು ಪಾಲನ್ನು ಹೀಗೆ ಕಲಿಸಿದರು.

ಆ್ಯಪ್‌ಗಳೇ ಬೇಡ ಎಂದು ನಾನು ಹೇಳುವುದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ತೆರೆಯುವ ಸರ್ಕಾರದ ದೀಕ್ಷಾ ಆ್ಯಪ್ ಉಚಿತ. ಪಾಠಗಳನ್ನು ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು. ಭಿನ್ನರಾಶಿಯ ಒಂದು ಪಾಠವನ್ನು ಮಗಳು ಅದರಲ್ಲೇ ನಾಲ್ಕು ಸಲ ನೋಡಿ ಅರ್ಥ ಮಾಡಿಕೊಂಡಳು. ನನ್ನ ನೋವು ಇಷ್ಟೇ: ಮೊಬೈಲ್, ಸಿಗ್ನಲ್, ಚಂದಾ ಮೂರೂ ಇರುವ ಮನೆಯ ಮಗುವಿಗೆ ಮಾತ್ರ ತಯಾರಿ ಎಂಬಂತೆ ಆಗಿಬಿಟ್ಟಿದೆ. ಆರನೇ ತರಗತಿಯಿಂದ ಊಟ, ವಸತಿ, ಪುಸ್ತಕ ಎಲ್ಲ ಉಚಿತವಾಗಿ ಕೊಟ್ಟು ಹಳ್ಳಿಯ ಮಕ್ಕಳನ್ನು ಓದಿಸಲೆಂದೇ ಆದ ಶಾಲೆಯ ಬಾಗಿಲಲ್ಲಿ ಹೀಗಾಗುವುದು ಸರಿಯಲ್ಲ.

ನವೋದಯ ಕೇಂದ್ರ ಸರ್ಕಾರದ್ದು, ಪರೀಕ್ಷೆ ತಮ್ಮ ಕೈಯಲ್ಲಿಲ್ಲ ಎಂದು ಬಲ್ಲೆ. ಆದರೆ ಊರಿನ ಶಾಲೆಯ ಮೇಲೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ, ಎಂದರೆ ಪಂಚಾಯಿತಿ ಗ್ರಂಥಾಲಯದ, ಮೇಲೂ ತಮ್ಮ ಮಾತು ನಡೆಯುತ್ತದೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗ ಮಕ್ಕಳಿಗೆಲ್ಲ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು, ನನ್ನ ಮಕ್ಕಳಿಬ್ಬರ ಹತ್ತಿರವೂ ಆ ಕಾರ್ಡ್ ಇದೆ. ಈ ಕೆಲಸಕ್ಕೆ ಅದಕ್ಕಿಂತ ತಕ್ಕ ಜಾಗ ನನಗೆ ಕಾಣುತ್ತಿಲ್ಲ. ಹಳೆಯ ವರ್ಷಗಳ ಕನ್ನಡ ಪ್ರಶ್ನೆಪತ್ರಿಕೆಗಳ ಒಂದೊಂದು ಕಟ್ಟು, ಜೊತೆಗೆ ಖಾಲಿ ಓಎಂಆರ್ ಹಾಳೆಗಳು ಪ್ರತಿ ಅರಿವು ಕೇಂದ್ರಕ್ಕೆ ಜೂನ್‌ನಲ್ಲೇ ಬರಲಿ. ನಕಲು ಮಾಡಿಸುವ ಖರ್ಚು ಒಂದು ಮನೆಯ ಚಂದಾದಷ್ಟೂ ಆಗಲಾರದು. ಕೇಂದ್ರದ ಕಂಪ್ಯೂಟರಿಗೆ ದೀಕ್ಷಾದ ಕನ್ನಡ ಗಣಿತ ಪಾಠಗಳನ್ನು ಮುಂಚಿತವಾಗಿ ಇಳಿಸಿಡಲಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಮಕ್ಕಳು ಅಲ್ಲಿ ಒಟ್ಟಿಗೆ ಕುಳಿತು, ಗಡಿಯಾರ ಇಟ್ಟುಕೊಂಡು, ಪೆನ್ನು ಹಿಡಿದು ಬರೆಯಲಿ. ಬರೆದ ಮೇಲೆ ಯಾಕೆ ತಪ್ಪಿತು ಎಂದು ಕೇಳುವ ದೊಡ್ಡವರು ಒಬ್ಬರಿರಲಿ: ಶಿಕ್ಷಕರೋ, ಪದವಿ ಓದುವ ಊರಿನ ಮಕ್ಕಳೋ, ನನ್ನಂಥ ತಾಯಂದಿರೋ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಮತ್ತು ಆದರ್ಶ ವಿದ್ಯಾಲಯದ ಪರೀಕ್ಷೆಗಳನ್ನು ಬರೆಯುವವರೂ ಇದೇ ಐದನೇ ತರಗತಿಯ ಮಕ್ಕಳು; ಅವರಿಗೂ ಇದೇ ಬೆಂಚು ಸಾಕು. ಎಲ್ಲಿಯೂ ಸೀಟು ಸಿಗದೆ ಊರಿನ ಶಾಲೆಯಲ್ಲೇ ಮುಂದುವರಿಯುವವರು ಹೆಚ್ಚಿನವರು. ಆ ಮಕ್ಕಳ ಗಣಿತ ಗಟ್ಟಿಯಾದರೆ ಅದೂ ತಮ್ಮದೇ ಶಾಲೆಗೆ ಬಂದ ಲಾಭ.

ಅರ್ಜಿಯ ವಿಷಯವನ್ನೂ ಹೇಳಬೇಕು. ನವೋದಯದ ಅರ್ಜಿ ತುಂಬುವ ಕಾಲ ಸರಿಯಾಗಿ ನಮ್ಮ ಮಳೆಗಾಲಕ್ಕೇ ಬರುತ್ತದೆ. ಮಳೆಗೆ ಶಾಲೆಗೆ ರಜೆ, ಮುಖ್ಯ ಶಿಕ್ಷಕರ ಸಹಿ ಬೇಕು. ಸಹಿ ಸಿಕ್ಕ ದಿನ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಸಿಕ್ಕರೆ ಫೋಟೊದ ಗಾತ್ರ ಹೆಚ್ಚಾಯಿತೆಂದು ಅರ್ಜಿ ಹಿಂದಕ್ಕೆ. ಹೀಗೆ ಅಲೆದು ಸಾಕಾಗಿ ಕೈಬಿಟ್ಟ ಎರಡು ಮನೆಗಳು ನಮ್ಮ ಪಕ್ಕದಲ್ಲೇ ಇವೆ. ಆ ಎರಡು ಮಕ್ಕಳೂ ನನ್ನ ಮಗಳಿಗಿಂತ ಲೆಕ್ಕದಲ್ಲಿ ಚುರುಕು. ಅರ್ಜಿಯ ದಿನಗಳಲ್ಲಿ ಪಂಚಾಯಿತಿ ಕಚೇರಿಯ ಕಂಪ್ಯೂಟರಿನಲ್ಲೇ ಎಲ್ಲ ಮಕ್ಕಳ ಅರ್ಜಿ ತುಂಬಿಸುವಂತೆ ತಾವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಪೋಷಕರ ಮೊಬೈಲ್ ಸಂಖ್ಯೆಗಳನ್ನು ಯಾವ ಆ್ಯಪ್ ಮಾರುವವರಿಗೂ ಶಾಲೆಗಳು ಕೊಡಬಾರದೆಂದು ಅದರಲ್ಲೇ ಒಂದು ಸಾಲು ಸೇರಿಸಿ. ನನ್ನ ಸಂಖ್ಯೆ ಅವರಿಗೆ ಹೇಗೆ ಸಿಕ್ಕಿತೋ ತಿಳಿಯದು, ಆದರೆ ಫಲಿತಾಂಶ ಬಂದ ಮೇಲೂ ಕರೆ ನಿಂತಿಲ್ಲ. ಈಗ ಮಗನ ಹೆಸರು ಹಿಡಿದು ಕೇಳುತ್ತಾರೆ.

2025ರ ಜುಲೈನಲ್ಲಿ ನಮ್ಮ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ನಾನು ಪಿಯುಸಿಗೆ ಹೋಗುವಾಗ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದ ನೆಂಟರ ಮನೆಯೇ ಗತಿಯಾಗಿತ್ತು. ಪರೀಕ್ಷೆಯ ದಿನ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಆ ಸೇತುವೆ ದಾಟುವಾಗ ನನಗೆ ಅಳು ಬಂತು, ಸಂತೋಷದ್ದೇ. ಅಣೆಕಟ್ಟಿನಿಂದ ಸೇತುವೆಯವರೆಗೆ ಅರವತ್ತೊಂದು ವರ್ಷ ನಮ್ಮವರು ಕಾದರು. ನನ್ನ ಮಗ ಐದನೇ ತರಗತಿಯಲ್ಲಿ ಇರುವುದು ಜೂನ್‌ನಿಂದ ಮಾರ್ಚ್‌ವರೆಗೆ ಮಾತ್ರ, ಪರೀಕ್ಷೆ ಅದಕ್ಕೂ ಮೊದಲೇ ಮುಗಿಯುತ್ತದೆ.

ನಮ್ಮ ಅರಿವು ಕೇಂದ್ರದ ಮೇಲ್ವಿಚಾರಕರಲ್ಲಿ ನಾನು ಮಾತನಾಡಿದ್ದೇನೆ. ಶನಿವಾರ ಬಾಗಿಲು ತೆರೆದಿಡಲು ಅವರು ಸಿದ್ಧರಿದ್ದಾರೆ, ಮೇಲಿನಿಂದ ಒಂದು ಆದೇಶ ಬರಲಿ ಎನ್ನುತ್ತಾರೆ. ಪ್ರಶ್ನೆಪತ್ರಿಕೆಯ ಕಟ್ಟು ಬಂದ ವಾರವೇ ಹಳೆಯ ನೋಟ್‌ಬುಕ್, ಗೋಣಿಸೂಜಿ, ಒಂದು ಕೈಗನ್ನಡಿ ಹಿಡಿದು ನಾನು ಬರುತ್ತೇನೆ. ಅತ್ತೆಯವರು ಪುಂಡಿ ನಾರನ್ನು ಈಗಲೇ ನೆನೆಹಾಕಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಐದನೇ ತರಗತಿಗೆ ಹೋಗಲಿರುವ ಹುಡುಗನ ತಾಯಿ,
ಕರೂರು ಹೋಬಳಿ, ಸಾಗರ ತಾಲ್ಲೂಕು