ಮಗಳಿಗೊಂದು ಪತ್ರ: ಅಳಿಯಂದಿರು ಕಿಲ್ಟ್ ಉಟ್ಟೇ ಬರಲಿ

ಚಿರಂಜೀವಿ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಇತ್ತ ಧಾರವಾಡದಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಸಿಡಿಮಿಡಿಗೊಂಡಾಗ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಎದುರಿಗೆ ಗಿರಾಕಿಗಳಿದ್ದರು. ಲಗ್ನಸರಾಯಿ ಹತ್ತಿರ ಬಂತು, ಅಂಗಡಿಯ ತುಂಬ ಕುಪ್ಪಸಗಳ ರಾಶಿ. ಈ ವಿಷಯವನ್ನು ಫೋನಿನಲ್ಲಿ ಮುಗಿಸುವುದೂ ಬೇಡವೆನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ದೂರು ಇಷ್ಟು: ಅಳಿಯಂದಿರು ಸ್ಕಾಟ್ಲೆಂಡಿನ ಗಂಡಸರ ಆ ಮಂಡಿಯುದ್ದದ ನೆರಿಗೆಯ ಉಡುಗೆ, ಕಿಲ್ಟ್, ಉಟ್ಟುಕೊಂಡೇ ತರಕಾರಿಗೆ ಹೋಗುತ್ತಾರೆ, ಬಸ್ಸು ಹತ್ತುತ್ತಾರೆ, ಸಾಲದ್ದಕ್ಕೆ ಮೇ ತಿಂಗಳಲ್ಲಿ ನಮ್ಮ ಮನೆಯ ಮದುವೆಗೂ ಅದರಲ್ಲೇ ಬರುತ್ತಾರಂತೆ. ಹಬ್ಬಕ್ಕೆ ಉಡುವುದನ್ನು ದಿನವೂ ಉಟ್ಟರೆ ನಾಟಕದ ವೇಷದಂತೆ ಕಾಣುತ್ತದೆ ಎನ್ನುತ್ತೀಯ. ನನಗೆ ಅನಿಸುವುದೇ ಬೇರೆ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಉಟ್ಟವರೇ ವೇಷ ಹಾಕಿದವರಂತೆ ಕಾಣುತ್ತಾರೆ. ಎಲ್ಲಿ ಜಾರುತ್ತದೋ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಕೈಯೆಲ್ಲ ಬಟ್ಟೆಯ ಮೇಲೇ ಇರುತ್ತದೆ. ರೂಢಿಯಿದ್ದವರ ಕೈ ಅವರ ಕೆಲಸದ ಮೇಲಿರುತ್ತದೆ. ಅಳಿಯಂದಿರು ಎರಡು ಕೈಯಲ್ಲಿ ಚೀಲ ಹಿಡಿದು ನಿಮ್ಮ ಮನೆಯ ಮೆಟ್ಟಿಲು ಹತ್ತುವುದನ್ನು ನಾನು ನೋಡಿದ್ದೇನೆ.

ಕಳೆದ ಬೇಸಿಗೆಯಲ್ಲಿ ಎಡಿನ್‌ಬರೋಗೆ ಬಂದಾಗ ಸೊಂಟದ ಬಕಲ್ಲನ್ನು ಸ್ವಲ್ಪ ಸರಿಸಿ ಕೊಡಿ ಎಂದು ಅವರು ತಮ್ಮ ಕಿಲ್ಟನ್ನು ನನ್ನ ಕೈಗೆ ಕೊಟ್ಟರು. ನೀನು ಕಚೇರಿಗೆ ಹೋಗಿದ್ದೆ. ಅಸ್ತರನ್ನು ಒಂದು ಬದಿ ಬಿಚ್ಚಿ ಒಳಗೆ ನೋಡಿದವಳು ಬಕಲ್ಲನ್ನೇ ಮರೆತೆ. ಮೊದಲು ಕಣ್ಣಿಗೆ ಬಿದ್ದದ್ದು, ಕೆಳಗಡೆ ಮಡಿಕೆಯೇ ಇಲ್ಲ ಎಂಬುದು. ಬಟ್ಟೆ ನೇಯುವಾಗ ಬಂದ ಅಂಚೇ ಕಿಲ್ಟಿನ ಕೆಳ ಅಂಚು. ಅಂದ ಮೇಲೆ ಉದ್ದ ಹೆಚ್ಚಾಯಿತೆಂದು ಕೆಳಗಿನಿಂದ ಮಡಿಚಿ ಹೊಲಿಯುವ ನಮ್ಮ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ. ಕತ್ತರಿ ಹಾಕುವ ಮೊದಲೇ ಅಳತೆ ಸರಿಯಿರಬೇಕು. ಇಡೀ ಕಿಲ್ಟಿಗೆ 8 ಗಜ ಬಟ್ಟೆ. ದೊಡ್ಡ ಪನ್ನದ, ಅಂದರೆ ಹೆಚ್ಚು ಅಗಲದ, ಬಟ್ಟೆಯಾದರೆ 4 ಗಜ ತಂದು, ಉದ್ದಕ್ಕೆ ಎರಡಾಗಿ ಸೀಳಿ, ಜೋಡಿಸಿ ಹೊಲಿಯುತ್ತಾರೆ. ಆ ಜೋಡಣೆ ಎಲ್ಲಿದೆ ಎಂದು ಹುಡುಕಿದೆ. ಒಂದು ನೆರಿಗೆಯ ಒಳಮಡಿಕೆಯಲ್ಲಿ ಅಡಗಿತ್ತು. ಹೊರಗಿನಿಂದ ಎಷ್ಟು ಹುಡುಕಿದರೂ ಸಿಗದು.

ನೆರಿಗೆಗಳ ಮಾತು ಇನ್ನೂ ಚೆಂದ. ಎಲ್ಲವೂ ಹಿಂದೆಯೇ, ಸಾಮಾನ್ಯವಾಗಿ 25ರಿಂದ 30. ಮುಂದೆ ಒಂದರ ಮೇಲೊಂದು ಬರುವ ಎರಡು ಚಪ್ಪಟೆ ಸೆರಗು. ಒಂದೊಂದು ನೆರಿಗೆಯನ್ನೂ ಚೌಕಳಿಯ ಲೆಕ್ಕ ಹಿಡಿದು ಮಡಿಚಿದ್ದಾರೆ. ಅಷ್ಟು ಬಟ್ಟೆ ಒಳಗೆ ಹೋಗಿದ್ದರೂ ಹಿಂದಿನಿಂದ ನೋಡಿದರೆ ಟಾರ್ಟನ್ ಎಂಬ ಆ ಉಣ್ಣೆಬಟ್ಟೆಯ ಚೌಕಳಿ ಎಲ್ಲೂ ತುಂಡಾಗದೆ ಹಾಗೇ ಮುಂದುವರಿದಂತೆ ಕಾಣುತ್ತದೆ. ಸೈನ್ಯದ ಕಿಲ್ಟುಗಳ ಲೆಕ್ಕ ಬೇರೆಯಂತೆ: ಪ್ರತಿ ನೆರಿಗೆಯ ನಡುವೆ ಒಂದೇ ಗೆರೆ ಬರುವಂತೆ ಮಡಿಚುತ್ತಾರೆ, ಸೈನಿಕ ನಡೆದಾಗ ನೆರಿಗೆ ಬಿಚ್ಚಿ ಒಳಗಿನ ಬಣ್ಣ ಮಿನುಗುತ್ತದೆ. ಸೊಂಟದ ಹತ್ತಿರ ದಪ್ಪವಾಗಬಾರದೆಂದು ನೆರಿಗೆಗಳ ಒಳಭಾಗವನ್ನು ಕತ್ತರಿಸಿ ತೆಗೆದು, ಕ್ಯಾನ್ವಾಸ್ ಕೊಟ್ಟು ಕೈಯಲ್ಲೇ ಹೊಲಿದಿದ್ದರು. ದೊಡ್ಡ ಪನ್ನದ ಒಂದು ಗಜಕ್ಕೆ 16 ಔನ್ಸ್ ತೂಗುವ ಉಣ್ಣೆಯಾದರೆ ಬಟ್ಟೆಯ ತೂಕವೇ ಸುಮಾರು 1.8 ಕಿಲೋ. ಹೆಗಲ ಮೇಲೆ ಕಂಬಳಿ ಹೊತ್ತ ಹಾಗೆ ಎಂದುಕೊಂಡಿದ್ದೆ, ಆದರೆ ಭಾರವೆಲ್ಲ ಸೊಂಟದ ಮೇಲೆ ಕೂರುವುದರಿಂದ ಅವರಿಗೆ ಗೊತ್ತೇ ಆಗುವುದಿಲ್ಲವಂತೆ. ಇಷ್ಟು ಗಟ್ಟಿಯಾಗಿ ಹೊಲಿದ ಬಟ್ಟೆಯನ್ನು ಕಪಾಟಿನಲ್ಲಿ ಇಟ್ಟು ಏನು ಮಾಡುವುದು? ನಾಲ್ಕು ಮದುವೆ, ನಾಲ್ಕು ಫೋಟೊ, ಆಮೇಲೆ ನುಸಿ.

ಸ್ಕಾಟ್ಲೆಂಡಿನ ಉತ್ತರದ ಹೈಲ್ಯಾಂಡ್ ಎಂಬ ಗುಡ್ಡಗಾಡಿನಲ್ಲಿ ಇದು ದಿನದ ಬಟ್ಟೆಯೇ ಆಗಿತ್ತು. ಹಳೆಯ ಕಾಲದ್ದು ಹೊಲಿಗೆಯೇ ಇಲ್ಲದ ಉದ್ದನೆಯ ಉಣ್ಣೆಯ ಬಟ್ಟೆ. ನೆರಿಗೆ ಹಿಡಿದು, ಪಟ್ಟಿ ಬಿಗಿದು, ಉಳಿದದ್ದನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ರಾತ್ರಿ ಅದನ್ನೇ ಹೊದ್ದು ಮಲಗುತ್ತಿದ್ದರು. ಸೊಂಟದಿಂದ ಕೆಳಗಿನ ಅರ್ಧ ಮಾತ್ರ ಉಡುವ ಕಿಲ್ಟ್ 18ನೇ ಶತಮಾನದ ಆರಂಭದಲ್ಲಿ ಬಳಕೆಗೆ ಬಂತು. 1746ರಲ್ಲಿ ಕಲ್ಲೋಡನ್ ಕದನದಲ್ಲಿ, ಪಟ್ಟ ಕಳೆದುಕೊಂಡ ಸ್ಟುವರ್ಟ್ ಮನೆತನದ ಪರ ದಂಗೆಯೆದ್ದ ಜಾಕೊಬೈಟರು ಸೋತ ಮೇಲೆ ಲಂಡನ್ನಿನ ಸರ್ಕಾರ ಹೈಲ್ಯಾಂಡಿನ ಗಂಡಸರು ಈ ಉಡುಗೆ ತೊಡಬಾರದೆಂದು ಕಾನೂನು ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆಮನೆ, ಎರಡನೇ ಸಲ ಏಳು ವರ್ಷ ಸಮುದ್ರದಾಚೆಗೆ ಗಡಿಪಾರು. ಬಟ್ಟೆ ಉಟ್ಟದ್ದಕ್ಕೆ! ಕಾನೂನು ರದ್ದಾದದ್ದು 1782ರಲ್ಲಿ. ಅಷ್ಟರೊಳಗೆ ಒಂದು ತಲೆಮಾರು ಪ್ಯಾಂಟು ಹಾಕಿಕೊಂಡೇ ಬೆಳೆದು ದೊಡ್ಡದಾಗಿತ್ತು. ರೂಢಿ ತಪ್ಪಿತು.

ಮತ್ತೆ ಬಂದದ್ದು ಹಬ್ಬದ ಬಟ್ಟೆಯಾಗಿ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಮುಂದೆ ನಿಂತು ಎಲ್ಲರಿಗೂ ಟಾರ್ಟನ್ ತೊಡಿಸಿದ. ಕಿಲ್ಟನ್ನು ಕೀಳಾಗಿ ಕಾಣುತ್ತಿದ್ದ ಸ್ಕಾಟ್ಲೆಂಡಿನ ಬಯಲುಸೀಮೆಯ ಶ್ರೀಮಂತರೂ ದರ್ಜಿಗಳ ಬಾಗಿಲಿಗೆ ಓಡಿದರು. ದೊರೆಯೂ ಕಿಲ್ಟ್ ಉಟ್ಟ. ಒಳಗೆ ಮೈಬಣ್ಣದ ಗುಲಾಬಿ ಕಾಲುಚೀಲ ಸೊಂಟದವರೆಗೂ ಎಳೆದುಕೊಂಡಿದ್ದನಂತೆ. ಆಮೇಲೆ ಅವನ ಚಿತ್ರ ಬರೆದ ಡೇವಿಡ್ ವಿಲ್ಕಿ ಆ ಗುಲಾಬಿಯನ್ನು ಜಾಣತನದಿಂದ ಬಿಟ್ಟುಬಿಟ್ಟ. ದರ್ಜಿಗಳೂ ಚಿತ್ರಕಾರರೂ ಗಿರಾಕಿಯ ಮಾನ ಕಾಯಬೇಕಾಗುತ್ತದೆ, ಏನು ಮಾಡುವುದು.

ಇದನ್ನೆಲ್ಲ ಯಾಕೆ ಬರೆದೆ ಎಂದರೆ, ನಿನ್ನ ಸೋದರಮಾವ ಮೊನ್ನೆ ಮನೆಗೆ ಬಂದು ತಕರಾರು ತೆಗೆದ. ಇತಿಹಾಸದ ಮೇಷ್ಟ್ರು, ಸುಮ್ಮನಿರುತ್ತಾನೆಯೇ? 1799ರಲ್ಲಿ ಶ್ರೀರಂಗಪಟ್ಟಣಕ್ಕೆ ನುಗ್ಗಿದ ಪಡೆಯಲ್ಲಿ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು, ನುಗ್ಗಿಸಿದ ಸೇನಾಧಿಕಾರಿ ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ, ಅವನ ಕಡೆಯವರ ಬಟ್ಟೆ ನಮ್ಮ ಮಂಟಪದಲ್ಲಿ ಯಾಕೆ ಎಂದ. ಬೇರ್ಡ್ ಟಿಪ್ಪುವಿನ ಶವವನ್ನು ಕಂಡುಹಿಡಿಯುವ ದೊಡ್ಡ ಚಿತ್ರವನ್ನು 1839ರಲ್ಲಿ ಮುಗಿಸಿದವನು ಇದೇ ವಿಲ್ಕಿ ಎಂಬುದನ್ನೂ ಅವನೇ ಹೇಳಿದ. ನಾನು ಇಷ್ಟೇ ಅಂದೆ: ಮನೆಯಲ್ಲಿ ಉಟ್ಟರೆ ಜೈಲು, ಸೈನ್ಯಕ್ಕೆ ಸೇರಿ ಉಟ್ಟರೆ ವಿನಾಯಿತಿ, ಆ ಕಾನೂನಿನಲ್ಲೇ ಹಾಗೆ ಬರೆದಿತ್ತು. ಬಡವರ ಮೈಮೇಲಿನ ಬಟ್ಟೆ ಕಿತ್ತುಕೊಂಡು ಸಮವಸ್ತ್ರ ಮಾಡಿ ವಾಪಸು ಕೊಟ್ಟ ಲೆಕ್ಕ ಅದು. ಕೋಪ ಯಾರ ಮೇಲೆ ಎಂದು ನೀನೇ ನೋಡಿಕೋ ಎಂದೆ. ಚಹಾ ಕುಡಿದು ಹೋದ. ಒಪ್ಪಿದನೋ ಇಲ್ಲವೋ ತಿಳಿಯದು.

ನಮ್ಮಲ್ಲೂ ಇದೇ ನಡೆಯುತ್ತಿದೆ. ನನ್ನ ಅಜ್ಜಿ ಇಳಕಲ್ ಸೀರೆ ಉಟ್ಟೇ ಹೊಲಕ್ಕೆ ಹೋಗುತ್ತಿದ್ದಳು, ಖಣದ ಕುಪ್ಪಸದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಈಗ ಕಾಲೇಜು ಹುಡುಗಿಯರು ಜನಪದ ದಿನಾಚರಣೆ ಇದೆ ಎಂದು ಬಾಡಿಗೆಗೆ ಕೇಳಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಯಾವ ಕಾನೂನೂ ಬಂದಿಲ್ಲ, ನಾವೇ ಬಿಟ್ಟದ್ದು.

ನಿನ್ನ ಮುಜುಗರಕ್ಕೆ ಅರ್ಧ ಕಾರಣ, ನೀನು ಕಿಲ್ಟನ್ನು ಮದುವೆಯ ಫೋಟೊಗಳಲ್ಲಿ ನೋಡಿರುವುದು. ಬೆಳ್ಳಿಗುಂಡಿಯ ಗಿಡ್ಡ ಕೋಟು, ಕಪ್ಪು ಬೋ, ಸೊಂಟದ ಮುಂದೆ ತೂಗುವ ತುಪ್ಪಳದ ಚೀಲ ಅಂದರೆ ಸ್ಪೋರನ್, ಕಣಕಾಲಿನವರೆಗೆ ದಾರ ಸುತ್ತುವ ಬೂಟು, ಕಾಲುಚೀಲದಲ್ಲಿ ಚಿಕ್ಕ ಚಾಕು, ಕೆನೆಬಣ್ಣದ ಕಾಲುಚೀಲ. ಅದು ಸಂಜೆಯ ಔತಣದ ಸಜ್ಜು. ಅದನ್ನೆಲ್ಲ ಹೇರಿಕೊಂಡು ತರಕಾರಿಗೆ ಹೋದರೆ ನಾನೂ ನಗುತ್ತಿದ್ದೆ. ಅಳಿಯಂದಿರು ಹಾಗೆ ಮಾಡುವುದಿಲ್ಲ. ಮಾಸಲು ಹಸಿರಿನ ಸ್ವೆಟರ್, ಸಾದಾ ಚರ್ಮದ ಸ್ಪೋರನ್, ದಪ್ಪ ಉಣ್ಣೆಯ ಕಾಲುಚೀಲ, ನಡೆದಾಡುವ ಬೂಟು, ಮುಗಿಯಿತು. ಸ್ವೆಟರಿನ ಆ ಹಸಿರು ಬಣ್ಣವೇ ಟಾರ್ಟನ್ನಿನ ಒಂದು ಸಣ್ಣ ಗೆರೆಯಲ್ಲಿದೆ, ಗಮನಿಸಿದ್ದೀಯಾ? ಎಲ್ಲ ಬಣ್ಣವನ್ನೂ ಹೊಂದಿಸಲು ಹೋಗದೆ ಒಂದನ್ನೇ ಹಿಡಿದಿದ್ದಾರೆ. ಫುಟ್‌ಬಾಲ್ ಪಂದ್ಯಕ್ಕೆ ಹೋಗುವ ನಿಮ್ಮ ಊರಿನ ಹುಡುಗರು ತಂಡದ ಅಂಗಿಯ ಜೊತೆ ಕಿಲ್ಟ್ ಉಡುತ್ತಾರೆ. ಎಡಿನ್‌ಬರೋದಲ್ಲೇ ಹೋವಿ ನಿಕೊಲ್ಸ್‌ಬಿ ಎಂಬ ಕಿಲ್ಟ್ ದರ್ಜಿ 1996ರಿಂದ ಡೆನಿಮ್, ಚರ್ಮ, ಸೂಟಿನ ಬಟ್ಟೆಯಲ್ಲೆಲ್ಲ ಹೊಲಿಯುತ್ತ ಬಂದವನು. ಜಗತ್ತಿನಲ್ಲಿ ನಿನ್ನ ಗಂಡನೊಬ್ಬನೇ ಹೀಗಲ್ಲ.

ಬಿಡಬಾರದ್ದು ಕೆಲವಿವೆ, ಅವನ್ನು ಅವರಿಗೆ ನೆನಪಿಸು. ಕಿಲ್ಟ್ ಕೂರಬೇಕಾದ್ದು ಹೊಕ್ಕುಳಿನ ಮಟ್ಟದಲ್ಲಿ. ಜೀನ್ಸಿನಂತೆ ಕೆಳಗೆ ಇಳಿಸಿದರೆ ಅಂಚು ಮಂಡಿಯಿಂದ ಕೆಳಗೆ ಜೋತು, ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬಂದವರಂತೆ ಕಾಣುತ್ತದೆ. ಮಂಡಿಯೂರಿ ಕುಳಿತಾಗ ಅಂಚು ನೆಲಕ್ಕೆ ತಾಗದೆ ಸ್ವಲ್ಪ ಮೇಲಿದ್ದರೆ ಉದ್ದ ಸರಿ. ಪಿನ್ನನ್ನು ಮೇಲಿನ ಸೆರಗಿಗೆ ಮಾತ್ರ ಚುಚ್ಚಬೇಕು, ಎರಡಕ್ಕೂ ಚುಚ್ಚಿದರೆ ಬಟ್ಟೆ ಎಳೆದು ಹರಿಯುತ್ತದೆ. ಕೂರುವಾಗ ಹಿಂದಿನ ನೆರಿಗೆಯನ್ನು ಅಂಗೈಯಿಂದ ಸವರಿ ಕೂರಬೇಕು. ಪ್ರವಾಸಿಗರಿಗೆ ಮಾರುವ ತೆಳು ಅಕ್ರಿಲಿಕ್ ಕಿಲ್ಟುಗಳ ಕಡೆ ತಿರುಗಿಯೂ ನೋಡಬೇಡಿ. ಒಳ್ಳೆಯ ಉಣ್ಣೆಯನ್ನು ಪದೇ ಪದೇ ತೊಳೆಯಬೇಕಾಗಿಲ್ಲ, ಗಾಳಿಗೆ ಹರವಿ ಬ್ರಷ್ ಮಾಡಿದರೆ ಸಾಕು.

ಈಗ ನಿನ್ನ ವಿಷಯ. ಗಂಡನ ಬಟ್ಟೆಯ ಬಗ್ಗೆ ಇಷ್ಟು ಮಾತಾಡಿದೆಯಲ್ಲ, ನಾನಿದ್ದಷ್ಟು ದಿನವೂ ನಿನ್ನ ಮೈಮೇಲೆ ಅದೇ ಕಪ್ಪು ಲೆಗ್ಗಿಂಗ್ಸ್, ಅದೇ ಬೂದು ಜಾಕೆಟ್. ಚಳಿ ಎಂಬ ನೆಪ ಬೇಡ, ಅವರು ಮಂಡಿ ಬಿಟ್ಟುಕೊಂಡು ಓಡಾಡುವ ಊರದು. ಮದುವೆಗೆ ಕೊಟ್ಟ ಸೀರೆಗಳು ಸೂಟ್‌ಕೇಸಿನಿಂದ ಹೊರಗೇ ಬಂದಿಲ್ಲ. ದಿನವೂ ಸೀರೆ ಉಡು ಎನ್ನುತ್ತಿಲ್ಲ. ಖಣದ ಒಂದು ಕುಪ್ಪಸವನ್ನು ಸ್ವೆಟರಿನ ಒಳಗೋ ಮೇಲೋ ಹಾಕು, ಜೀನ್ಸಿನ ಜೊತೆ ಹಾಕು, ಕಚೇರಿಗೇ ಹೋಗು. ಎರಡು ದಿನ ನೋಡುತ್ತಾರೆ, ಮೂರನೇ ದಿನ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಕಾಲರ್ ಇಲ್ಲದ ಎರಡು ಕುಪ್ಪಸಗಳನ್ನು ತುಸು ಸಡಿಲವಾಗಿ ಹೊಲಿದು ಇಟ್ಟಿದ್ದೇನೆ.

ಮದುವೆಗೆ ಬರುವುದಾದರೆ ಚಾಕುವನ್ನು ಅಲ್ಲೇ ಬಿಟ್ಟು ಬರಲಿ. ವಿಮಾನದಲ್ಲೂ ತಾಪತ್ರಯ, ಮಂಟಪದಲ್ಲೂ ತಾಪತ್ರಯ. ದೇವರಮನೆಗೆ ಬರುವಾಗ ಚರ್ಮದ ಸ್ಪೋರನ್, ಪಟ್ಟಿ ಎರಡನ್ನೂ ತೆಗೆದಿಡಬೇಕು, ಮೊದಲೇ ಹೇಳಿದರೆ ಅವರಿಗೆ ಬೇಸರವಾಗದು. ಕಿಲ್ಟಿನ ಒಳಗೆ ಏನಿದೆ ಎಂದು ನಿನ್ನ ಕಾಕಾಂದಿರು ಕೇಳಿಯೇ ಕೇಳುತ್ತಾರೆ. ಉತ್ತರ ಏನಾದರೂ ಇರಲಿ, ಪಂಕ್ತಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕಿದೆ, ಗಟ್ಟಿಯಾದ ಚಡ್ಡಿ ಹಾಕಿಕೊಂಡೇ ಬರಬೇಕು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಉಳಿದದ್ದು ಸೆಕೆ. ಮೇ ತಿಂಗಳಲ್ಲಿ ಆ ಉಣ್ಣೆ ಉಟ್ಟರೆ ಅಕ್ಷತೆ ಬೀಳುವ ಮೊದಲೇ ಅಳಿಯಂದಿರು ಬೀಳುತ್ತಾರೆ. ಅದಕ್ಕೇ ನಾನೊಂದು ಯೋಚನೆ ಮಾಡಿದ್ದೇನೆ. ಗಜೇಂದ್ರಗಡದ ಪಟ್ಟೆದಂಚು ಗೊತ್ತಲ್ಲ, ಕೈಮಗ್ಗದ ಹತ್ತಿ, ಮೈತುಂಬ ಚೌಕಳಿ. ಸೀರೆಯ ಅಂಚೇ ಕೆಳ ಅಂಚಾಗುತ್ತದೆ, ಮಡಿಕೆಯ ಗೋಜಿಲ್ಲ. ಎರಡು ಸೀರೆ ಬೇಕಾಗಬಹುದು. ಹತ್ತಿ ಉಣ್ಣೆಯಂತೆ ನೆರಿಗೆ ಹಿಡಿದು ನಿಲ್ಲುವುದಿಲ್ಲ, ಆದ್ದರಿಂದ ಪ್ರತಿ ನೆರಿಗೆಯ ಅಂಚಿಗೂ ಒಂದು ಸಣ್ಣ ಹೊಲಿಗೆ ಓಡಿಸಬೇಕು. ಚೌಕಳಿ ಕೂಡಿಸುವ ಲೆಕ್ಕ ಕಾಗದದ ಮೇಲೆ ಹಾಕಿ ಆಗಿದೆ. ನಿನ್ನ ಅಪ್ಪನನ್ನೇ ನಿಲ್ಲಿಸಿ ಸೀರೆಯೊಂದನ್ನು ಸುತ್ತಿ ನೋಡಿದೆ, ಬಯ್ದುಕೊಂಡೇ ನಿಂತರು.

ಅಳತೆ ಕಳುಹಿಸು: ಹೊಕ್ಕುಳಿನ ಮಟ್ಟದ ಸುತ್ತಳತೆ, ನಿತಂಬದ ಅಗಲವಾದ ಕಡೆಯ ಸುತ್ತಳತೆ, ಹೊಕ್ಕುಳಿನಿಂದ ಮಂಡಿಚಿಪ್ಪಿನ ನಡುವಿನವರೆಗೆ ಉದ್ದ. ನೀನೇ ಟೇಪು ಹಿಡಿದು ಅಳೆಯಬೇಕು, ಅವರು ಉಸಿರು ಬಿಗಿಹಿಡಿಯದಂತೆ ನೋಡಿಕೋ. ಪ್ಯಾಂಟಿನ ಚೀಟಿಯ ಮೇಲಿನ ನಂಬರನ್ನು ಕಳುಹಿಸಿದರೆ ನಾನು ಕತ್ತರಿ ಮುಟ್ಟುವುದಿಲ್ಲ. ಈ ತಿಂಗಳ ಕೊನೆಯೊಳಗೆ ಬರಲಿ, ಆಮೇಲೆ ಕುಪ್ಪಸಗಳ ನಡುವೆ ನನಗೆ ಪುರುಸೊತ್ತು ಸಿಗುವುದಿಲ್ಲ.

ಇತಿ,
ನಿನ್ನ ಅಮ್ಮ