ಮುಯ್ಯಾಳಿನಂಗ ಕರೆಂಟೂ ಕೊಟ್ಟು ತಗೊಳ್ಳೋಣ

ಸಂಪಾದಕರಿಗೆ ನಮಸ್ಕಾರ್ರಿ,

ನೇಪಾಳ ನಮ್ಮ ದೇಶದ ಲೈನ್ ಮ್ಯಾಲೆ ಬಾಂಗ್ಲಾದೇಶಕ್ಕ ಕರೆಂಟ್ ಮಾರ್ತದ ಅನ್ನೋ ಥರದ ಸುದ್ದಿ ಪೇಪರ್‌ನ ಒಳಗಿನ ಪುಟದಾಗ ಸಣ್ಣದಾಗಿ ಬರ್ತದ, ನಮ್ಮ ಜಿಲ್ಲೆ ಮಂದಿ ನೋಡಿ ಪುಟ ತಿರುವಿಬಿಡ್ತಾರ, ನಮಗೇನು ಸಂಬಂಧ ಅಂತ. ಸಂಬಂಧ ಅದ್ರಿ, ಅದಕ್ಕೇ ಬರೀಲಿಕ್ಕತ್ತೀನಿ.

2023ರ ಬರ ಯಾರೂ ಮರೆತಿಲ್ಲ. ರಾಜ್ಯದ 236 ತಾಲ್ಲೂಕಿನಾಗ 223 ಬರ ಅಂತ ಸರ್ಕಾರನೇ ಘೋಷಣೆ ಮಾಡ್ತು. ಮಳಿ ಕೈಕೊಟ್ರ ಹೊಡ್ತ ಎರಡು ಕಡಿಂದ ಬೀಳ್ತದ, ಡ್ಯಾಂನಾಗ ನೀರಿಲ್ದ ಶರಾವತಿ ಕರೆಂಟ್ ಕಮ್ಮಿ ಆಗ್ತದ, ಅದೇ ಹೊತ್ತಿಗೆ ಎಲ್ಲಾ ರೈತರೂ ಬೋರ್ ಚಾಲು ಮಾಡೋದ್ರಿಂದ ಬೇಡಿಕೆ ಏರಿಬಿಡ್ತದ. ನಮ್ಮ ಹೊಲದಾಗ ಹತ್ತಿ ಕಾಯಿ ಕಟ್ಟೋ ಟೈಮು. ತ್ರೀ ಫೇಸ್ ರಾತ್ರಿ ಒಂದಕ್ಕ ಬರೋದು. ನಮ್ಮ ಕಾಕಾ ಟಾರ್ಚ್ ಹಿಡ್ಕೊಂಡು ಸ್ಟಾರ್ಟರ್ ಡಬ್ಬಿ ಮುಂದ ಕುಂತಿರ್ತಿದ್ದ, ಹಸಿರು ಗುಂಡಿ ಒತ್ತಿದ್ರ ಗುಂಯ್ ಅಂದು ವೋಲ್ಟೇಜ್ ಸಾಲ್ದೆ ಟಪ್ ಅಂತ ಬಿದ್ದುಬಿಡ್ತಿತ್ತು, ಒಂದು ರಾತ್ರಿ ಬೀಳಲೇ ಇಲ್ಲ, ಗುಂಯ್ ಅನಕೋತನೇ ಮೋಟ್ರು ಸುಟ್ಟಿತು. ಮೋಟ್ರು ಮ್ಯಾಲೆತ್ತಿಸಿ ರಾಯಚೂರಿಗೆ ಒಯ್ದು ರಿವೈಂಡಿಂಗ್ ಮಾಡಿಸಿ ತರೋದ್ರಾಗ ಎಂಟು ದಿನ ಹೋಯ್ತು, ಅಷ್ಟ್ರಾಗ ಮಗ್ಗಿ ಎಲ್ಲಾ ನೆಲಕ್ಕ. ಆ ಬದುವಿನ ಮ್ಯಾಲೆ ನಿಂತ್ರ ಶಕ್ತಿನಗರದ ಕಲ್ಲಿದ್ದಲು ಕರೆಂಟ್ ಸ್ಥಾವರದ ಚಿಮಣಿಯ ಕೆಂಪು ದೀಪ ಕಾಣ್ತಾವ. ಶಕ್ತಿನಗರ 1,720 ಮೆಗಾವ್ಯಾಟ್, ಯರಮರಸ್ 1,600, ಬಳ್ಳಾರಿ ಕುಡತಿನಿ 1,700, ಮೂರೂ ಕೂಡಿದ್ರ ಐದು ಸಾವಿರ ದಾಟ್ತದ, ಆದ್ರ ಕಲ್ಲಿದ್ದಲು ಸಿಂಗರೇಣಿ, ಒಡಿಶಾ ಕಡಿಂದ ರೈಲಿನಾಗ ಬರಬೇಕು.

ಆ ವರ್ಷ ನಮ್ಮ ಕೈ ಹಿಡಿದಿದ್ದು ಏನು ಗೊತ್ತೇನ್ರಿ? ಪಂಜಾಬ್ ಮತ್ತ ಉತ್ತರ ಪ್ರದೇಶದಿಂದ ಕರೆಂಟ್ ಕೈಗಡ ತಂದ್ರು, ರೊಕ್ಕ ಅಲ್ಲ, ಕರೆಂಟಿಗೆ ಕರೆಂಟೇ ವಾಪಸ್ ಕೊಡೋ ಮಾತಿನ ಮ್ಯಾಲೆ. ನಮ್ಮೂರಾಗ ಇದಕ್ಕ ಮುಯ್ಯಾಳು ಅಂತೀವಿ, ಇವತ್ತು ನೀ ನನ್ನ ಹೊಲಕ್ಕ ಬಾ, ನಾಳೆ ನಾ ನಿನ್ನ ಹೊಲಕ್ಕ ಬರ್ತೀನಿ. ಇಂಥಾ ಕರೆಂಟು ಬರೋ ದೊಡ್ಡ ದಾರಿ ತೆರೆದಿದ್ದೂ ನಮ್ಮ ಜಿಲ್ಲೆಯಾಗೇ. 2013ರ ಡಿಸೆಂಬರ್ 31ಕ್ಕ ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಚಾಲು ಆದಾಗಲೇ ದಕ್ಷಿಣದ ಗ್ರಿಡ್ (ಕರೆಂಟ್ ಲೈನ್‌ಗಳ ಜಾಲ) ಉತ್ತರದ ಗ್ರಿಡ್ ಜೋಡಿ ಒಂದೇ ಲಯಕ್ಕ ಕೂಡಿದ್ದು, ಅದಕ್ಕಿಂತ ಮುಂಚೆ ಆ ಕಡಿಂದ ತರೋ ದಾರಿ ಬಾಳ ಇಕ್ಕಟ್ಟು ಇತ್ತು. ಭೂತಾನ್, ನೇಪಾಳ ಕೂಡ ಅದೇ ಗ್ರಿಡ್‌ಗೆ ಜೋಡಿ ಆಗ್ಯಾವ. ಅಂದ್ರ ನಮ್ಮ ಬೋರಿನ ಮೋಟ್ರು, ಥಿಂಪುವಿನ ಒಂದು ಹಿಟ್ಟಿನ ಗಿರಣಿ ಎರಡೂ ಒಂದೇ ತಾಳಕ್ಕ ತಿರುಗ್ತಾವ.

ಈಗ ನನ್ನ ಮಾತು ಇಷ್ಟೇ. ಪಂಜಾಬ್ ಜೋಡಿ ಮಾಡಿದ ಮುಯ್ಯಾಳು ಹಿಮಾಲಯದ ದೇಶಗಳ ಜೋಡಿನೂ ಕಾಯಂ ಆಗಿ ಆಗಬೇಕು. ಇಲ್ಲಿ ಮಳಿ ಕೈಕೊಟ್ಟ ವರ್ಷ ಅಲ್ಲೂ ಕೈಕೊಡ್ತದ ಅಂತ ಏನಿಲ್ಲ, ಅಲ್ಲಿ ಹೊಳಿಗೆ ಹಿಮದ ನೀರೂ ಬರ್ತದ. ಮಳಿಗಾಲದಾಗ ಅವರ ಕಡೆ ಕರೆಂಟ್ ಹೆಚ್ಚಾಗ್ತದ, ಭೂತಾನಿನ ತಾಲಾ ಜಲವಿದ್ಯುತ್ ಸ್ಥಾವರ ಒಂದೇ 1,020 ಮೆಗಾವ್ಯಾಟ್ ಅದ. ಚಳಿಗಾಲದಾಗ ಹೊಳಿ ಬತ್ತಿ ಅವರೇ ನಮ್ಮ ಕಡಿಂದ ತಗೋತಾರ. ಆವಾಗ ನಮ್ಮಲ್ಲಿ ಹೆಂಗಿರ್ತದ, ಪಾವಗಡದ ಸೋಲಾರ್ ಪಾರ್ಕಿನಿಂದ ಹಿಡಿದು ಎಲ್ಲಾ ಕಡೆ ಬಿಸಿಲು ಕಣ್ಣು ಕುಕ್ಕತಿರ್ತದ, ಹಗಲು ನಮ್ಮ ಸೋಲಾರ್ ಅವರು ತಗೊಂಡು ತಮ್ಮ ನೀರು ಸಂಜಿಗೆ ಹಿಡಿದಿಟ್ರ ಇಬ್ರಿಗೂ ನಡೀತದ.

ನೇಪಾಳದ ಮಂದಿ ದಿನಕ್ಕ 16 ತಾಸಿನ ತನಕ ಕತ್ತಲದಾಗ ಕುಂತ ಕಾಲ ಇತ್ತು, ಅವರು ಅದರಿಂದ ಹೊರಗ ಬರಲಿಕ್ಕೆ 2016ರಾಗ ಚಾಲು ಆದ, ಬಿಹಾರದಿಂದ ನೇಪಾಳಕ್ಕ ಹೋಗೋ ಮುಜಫ್ಫರ್‌ಪುರ-ಢಲ್ಕೆಬರ್ ಲೈನೂ ಒಂದು ಕಾರಣ. ಈಗ 10 ವರ್ಷದಾಗ 10,000 ಮೆಗಾವ್ಯಾಟ್ ನಮಗ ಕಳಿಸೋ ಒಪ್ಪಂದ 2024ರ ಜನವರಿಯಾಗ ಆಗ್ಯದ. ಆದ್ರ ನಡಿಗಿ ನಿಧಾನ ಅದ. ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶಗಳು ಕಾಠ್ಮಂಡುವಿನಾಗ ಕರೆಂಟ್ ಒಪ್ಪಂದಕ್ಕ ಸಹಿ ಹಾಕಿದ್ದು 2014ರಾಗ, ನೇಪಾಳದ ಕರೆಂಟ್ ಬಾಂಗ್ಲಾಕ್ಕ ಮೊದಲ ಸಲ ಮುಟ್ಟಿದ್ದು 2024ರ ನವೆಂಬರ್‌ನಾಗ, ಅದೂ 40 ಮೆಗಾವ್ಯಾಟ್. ಶಕ್ತಿನಗರದ 210 ಮೆಗಾವ್ಯಾಟಿನ ಒಂದು ಯೂನಿಟ್‌ನ ಐದನೇ ಒಂದು ಪಾಲೂ ಅಲ್ಲ ಅದು. 2022ರಾಗ ಶ್ರೀಲಂಕಾದ ಮಂದಿ ಪೆಟ್ರೋಲಿಗೆ ದಿನಗಟ್ಟಲೆ ಪಾಳಿ ಹಚ್ಚಿದ್ದು, ತಾಸುಗಟ್ಟಲೆ ಕರೆಂಟ್ ಇಲ್ದೆ ಕುಂತಿದ್ದು ಟಿವಿಯಾಗ ನೋಡಿ ಹೊಟ್ಟಿ ಉರೀತು, ಆ ದೇಶಕ್ಕ ಸಮುದ್ರದಾಗ ಕೇಬಲ್ ಹಾಕೋ ಮಾತು ಎಷ್ಟೋ ವರ್ಷದಿಂದ ಬರೀ ಮಾತಾಗೇ ಅದ.

ನಮ್ಮ ಸಂಸದರು ಇದನ್ನ ದಿಲ್ಲಿಯಾಗ ಎತ್ತಬೇಕು, ನೇಪಾಳದ ಆ 10,000ದಾಗ ಕರ್ನಾಟಕಕ್ಕ ಬರಗಾಲದ ಪಾಲು ಅಂತ ಎಷ್ಟು, ಅದನ್ನ ಈಗಲೇ ಕಾಗದದ ಮ್ಯಾಲೆ ಬರೆಸಬೇಕು, ಮುಂದಿನ ಬರ ಬಂದ ಮ್ಯಾಲೆ ಕೇಳಿದ್ರ ಯಾರು ಕೊಡ್ತಾರ್ರಿ. ಲೈನ್ ಅಂತೂ ನಮ್ಮ ಹೊಲದ ಬಾಜುದಿಂದಲೇ ಹೋಗ್ಯದ.

ಇಂತಿ,
ರಾಯಚೂರು ತಾಲ್ಲೂಕಿನ ಒಬ್ಬ ಹತ್ತಿ ಬೆಳೆಗಾರ