ಸಿಟ್ಟು ಸರಿ, ಬೆದರಿಕೆ ಯಾಕೆ?

ಮಾನ್ಯ ಸಂಪಾದಕರೇ,

ಹಳೇ ವಿಡಿಯೊ ಗೇಮ್ ಸರಣಿಯಲ್ಲಿ ಏನಾದರೂ ಬದಲಾದರೆ ಸಾಕು, ಟ್ರೇಲರ್ ಬಂದ ದಿನವೇ ಬೈಗುಳ ಶುರು. 2001ರಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಜೆಲ್ಡಾ ಸರಣಿಯ ಹೊಸ ಆಟವನ್ನು ಕಾರ್ಟೂನ್ ಥರ ತೋರಿಸಿದಾಗ ಎಷ್ಟೋ ಅಭಿಮಾನಿಗಳು ಸಿಡಿದೆದ್ದರು. ಇದು ಮಕ್ಕಳಾಟ ಅಂದರು. ವಿಂಡ್ ವೇಕರ್ ಎಂಬ ಅದೇ ಆಟದ ದೊಡ್ಡ ಕಣ್ಣಿನ ನಾಯಕ ಲಿಂಕ್, ಅವನ ಕೆಂಪು ದೋಣಿ, ಸುತ್ತಲಿನ ನೀಲಿ ಕಡಲು ಇವತ್ತಿಗೂ ಹಳತು ಅನಿಸುವುದಿಲ್ಲ.

ಹಾಗಂತ ಅಭಿಮಾನಿಗಳದ್ದೇ ತಪ್ಪು ಅಂತಲ್ಲ. 2019ರ ಪೋಕೆಮಾನ್ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಿಗೆ ಹಳೆಯ ಪೋಕೆಮಾನ್‌ಗಳನ್ನೆಲ್ಲ, ಅಂದರೆ ಆಟಗಾರರು ಹಿಡಿದು ಸಾಕುವ ಜೀವಿಗಳನ್ನೆಲ್ಲ, ತರಲು ಆಗುವುದಿಲ್ಲ ಅಂತ ತಯಾರಕರು ಅಂದಾಗ, ವರ್ಷಗಟ್ಟಲೆ ಒಂದು ಆಟದಿಂದ ಇನ್ನೊಂದಕ್ಕೆ ಅವನ್ನು ಜೋಪಾನವಾಗಿ ಸಾಗಿಸಿಕೊಂಡು ಬಂದವರಿಗೆ ಬೇಜಾರಾಗದೆ ಇರುತ್ತದಾ? ರೂಪ ಬದಲಿಸುವುದು ಬೇರೆ, ಇದ್ದದ್ದನ್ನು ಕಿತ್ತುಕೊಳ್ಳುವುದು ಬೇರೆ. ಅಂಥ ಸಿಟ್ಟನ್ನು ಕಂಪನಿಗಳು ಕಿವಿಗೊಟ್ಟು ಕೇಳಲೇಬೇಕು.

ಆದರೆ 2020ರಲ್ಲಿ ದಿ ಲಾಸ್ಟ್ ಆಫ್ ಅಸ್ ಆಟದ ಎರಡನೇ ಭಾಗದ ಕಥೆ ಹಿಡಿಸಲಿಲ್ಲ ಅಂತ, ಆಬಿ ಪಾತ್ರಕ್ಕೆ ದನಿ ಕೊಟ್ಟ ನಟಿಗೆ ಕೆಲವರು ಕೊಲೆ ಬೆದರಿಕೆ ಹಾಕಿದರು. ಇದನ್ನು ಅಭಿಮಾನ ಅಂತ ಕರೆಯಲು ನನಗಂತೂ ಮನಸ್ಸು ಬಾರದು. ಆಕೆ ಆ ಕಥೆ ಬರೆದವರೂ ಅಲ್ಲ. ಬರೆದಿದ್ದರೂ ಬೆದರಿಕೆ ಹಾಕುವುದು ತಪ್ಪೇ ಅಲ್ವಾ?

– ಒಬ್ಬ ಗೇಮ್ ಪ್ರಿಯ